‘ಕುಳಿತುಕೊಳ್ಳಿ’ನೋ ‘ಕೂತ್ಕೊಳ್ಳಿ’ನೋ?

ಮಡಿಕೇರಿಗೆ ಕೆಲಸಕ್ಕೆ ಬಂದವರಿಗೆ ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ಎರಡನೇ ವಾರಕ್ಕೇ ಈ ಪ್ರಶ್ನೆ ಬರುತ್ತದೆ. ಪುಸ್ತಕದಲ್ಲಿ ‘ಕುಳಿತುಕೊಳ್ಳಿ’, ಅಂಗಡಿಯಲ್ಲಿ ‘ಕೂತ್ಕೊಳ್ಳಿ’, ಮೈಸೂರು ಕಡೆ ಹಳ್ಳಿಯವರ ಬಾಯಲ್ಲಿ ‘ಕುಂತ್ಕೊಳ್ಳಿ’, ಹುಬ್ಬಳ್ಳಿಯವರದ್ದು ‘ಕುಂದರ್ರಿ’. ಸರಿ ಯಾವುದು ಮೇಡಂ?

ಎಲ್ಲಾ ಸರಿ. ಹಳಗನ್ನಡದಲ್ಲಿ ‘ಕುಳ್ಳಿರ್’ ಅಂತಿತ್ತು. ಬರೆಯುವಾಗ ‘ಕುಳಿತು’, ಮಾತಾಡುವಾಗ ‘ಕೂತು’ ಅನ್ನಿ, ಸಾಕು.

ಎಡವಟ್ಟಾಗೋದು ಬೇರೆ ಕಡೆ. ಒಮ್ಮೆ ಒಂದು ಕಚೇರಿಯಲ್ಲಿ ನನಗೆ ‘ಕೂತಿರಿ’ ಅಂದರು. ‘ಕೂತ್ಕೊಳ್ಳಿ’ ಅಂದಿದ್ದರೆ ಈಗಲೇ ಮಾತಾಡಿಸುತ್ತಾರೆ ಅಂತ ಅರ್ಥ. ‘ಕೂತಿರಿ’ ಅಂದರೆ ಸುಮ್ನೆ ಕಾಯಿರಿ ಅಂತ. ಎರಡು ಗಂಟೆ ಕೂತಿದ್ದೆ. ಆಮೇಲೆ ಊಟದ ಹೊತ್ತಾಯಿತು.

ಈ ಪದಕ್ಕೆ ಕುರ್ಚಿಯೇ ಬೇಕು ಅಂತಿಲ್ಲ. ಕಪಾಟಿನ ಮೇಲೆ ಧೂಳು ಕೂರುತ್ತದೆ. ಡಬ್ಬಿಗೆ ಮುಚ್ಚಳ ಕೂರುತ್ತದೆ, ಕೆಲವೊಮ್ಮೆ ಕೂರಲ್ಲ. ಕೋಳಿ ಕಾವಿಗೆ, ಮಕ್ಕಳು ಪರೀಕ್ಷೆಗೆ, ಸಿಟ್ಟಾದವರು ಧರಣಿಗೆ. ನಿಂತ ಭಂಗಿಯ ಗಣಪತಿಯನ್ನೂ ನಾವು ‘ಕೂರಿಸು’ತ್ತೇವೆ. ಜುಲೈಯಲ್ಲಿ ಇಲ್ಲಿ ಮಳೆಯೇ ವಾರಗಟ್ಟಲೆ ಹಿಡ್ಕೊಂಡು ಕೂರುತ್ತದೆ. ‘ಮಗ ಮನೇಲಿ ಕೂತಿದ್ದಾನೆ’ ಅಂದರೆ ಕೆಲಸ ಇಲ್ಲ ಅಂತ. ಬೆನ್ನಿಗೇ ಅಜ್ಜಿಯ ಗಾದೆ ಬರುತ್ತದೆ: ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ‘ಹೇಳ್ತಾ ಕೂತರೆ ಬೆಳಗಾಗುತ್ತೆ’ ಅನ್ನೋರು ಅಡುಗೆಮನೆಯಲ್ಲಿ ನಿಂತೇ ಇರಬಹುದು. ಅಲ್ಲಿ ‘ಕೂತರೆ’ ಅಂದರೆ ಬಿಡದೆ ಮಾಡ್ತಾ ಇದ್ದರೆ ಅಂತ, ಅಷ್ಟೇ.

ರಾಜಾಸೀಟಿಗೆ ಎಲ್ಲರೂ ಹೋಗಿರುತ್ತಾರೆ. ರಾಜರು ಕೂತು ಸೂರ್ಯ ಮುಳುಗೋದನ್ನು ನೋಡುತ್ತಿದ್ದ ಜಾಗ ಅಂತ ಹೆಸರು. ‘ಸೀಟು’ ಇಂಗ್ಲಿಷಿನದು, ಆದರೆ ಅದನ್ನು ಯಾರೂ ರಾಜಾಸನ ಅನ್ನಲ್ಲ. ನನಗೆ ಜಾಸ್ತಿ ಇಷ್ಟ ಊರಿನ ಇನ್ನೊಂದು ಬದಿಯ ಗದ್ದಿಗೆ. ಕೊಡಗನ್ನು ಆಳಿದ ಹಾಲೇರಿ ವಂಶದ ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳು ಅಲ್ಲಿವೆ. ಗದ್ದಿಗೆ ಅಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ಹಾಲೇರಿ ಅರಸರು ವೀರಶೈವರು. ಅವರಲ್ಲಿ ತೀರಿಕೊಂಡವರನ್ನು ಮಲಗಿಸಲ್ಲ, ಕೂರಿಸಿಯೇ ಹೂಳುತ್ತಾರೆ.

ಒಮ್ಮೆ ಗದ್ದಿಗೆಯ ಮುಂದೆಯೇ ನಿಂತು ಇದನ್ನು ಹೇಳಿದಾಗ ಬಿಹಾರದಿಂದ ಬಂದ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಗುಮ್ಮಟವನ್ನೇ ನೋಡಿದಳು.

‘ಹಾಗಾದ್ರೆ ಇವರಿಗೆ ಹೇಳಿದ್ದು ‘ಕೂತ್ಕೊಳ್ಳಿ’ ಅಲ್ಲ, ‘ಕೂತಿರಿ’, ಅಲ್ವಾ ಮೇಡಂ?’