ಎರಡನೇ ಅರ್ಜಿಯಿಂದ ಶುರುವಾದ ಕಡತ

ಹನ್ನೊಂದು ನಿಮಿಷ. ಗೋಕಾಕ ಕಡೆಯ ಆ ಅಜ್ಜನ ಕಡತ ಓದಿ "ಲೋಪ ಕಂಡುಬಂದಿಲ್ಲ" ಎಂದು ಟಿಪ್ಪಣಿ ಹಾಕಲು ನನಗೆ ಹಿಡಿದದ್ದು ಅಷ್ಟೇ. ಕಡತಗಳನ್ನು ಕಂಪ್ಯೂಟರ್‌ನಲ್ಲೇ ನಡೆಸುವ ಇ-ಆಫೀಸ್‌ನಲ್ಲಿ ಸಮಯ ದಾಖಲಾಗುತ್ತದೆ, ಹಾಗಾಗಿ ಸುಳ್ಳು ಹೇಳುವಂತೆಯೂ ಇಲ್ಲ.

ನನ್ನ ಕೆಲಸ ಸ್ವಲ್ಪ ವಿಚಿತ್ರ. ಜನರ ಠೇವಣಿ ಇಟ್ಟುಕೊಳ್ಳುವ ಸೊಸೈಟಿ, ಅಂದರೆ ಪತ್ತಿನ ಸಹಕಾರ ಸಂಘದ ಮೇಲಿನ ದೂರು ನನಗೆ ಬರುವುದಿಲ್ಲ. ಸೊಸೈಟಿಗಳ ಮೇಲೆ ಕಣ್ಣಿಡಬೇಕಾದ ಕಚೇರಿ ಸರಿಯಾಗಿ ಕಣ್ಣಿಟ್ಟಿತಾ ಅನ್ನುವ ದೂರು ಮಾತ್ರ ಬರುತ್ತದೆ. ಆಡಿಟರ್ ಆಗಿ ನಿವೃತ್ತನಾದ ಮೇಲೆ ಬೆಳಗಾವಿಯಲ್ಲಿ ಸಿಕ್ಕ ಗುತ್ತಿಗೆ ಕೆಲಸ. ಆದೇಶದಲ್ಲಿ "ಸ್ವತಂತ್ರ ಪರಿಶೀಲನೆ" ಎಂದಿದೆ. ಆದರೆ ಮೇಜು ಅದೇ ಕಚೇರಿಯ ಹಾಲ್‌ನಲ್ಲಿ, ಚಹಾ ಅವರದ್ದೇ, ಕಡತ ಹೊಂದಿಸಿ ಕೊಡುವವರೂ ಅವರೇ.

ಕಡತ ಬಲು ಚೊಕ್ಕವಾಗಿತ್ತು. ಆಗಸ್ಟ್‌ನಲ್ಲಿ ಸೊಸೈಟಿ ಶಟರ್ ಎಳೆದಿದೆ. ಸೆಪ್ಟೆಂಬರ್‌ನಲ್ಲಿ ಅಜ್ಜನ ಅರ್ಜಿ. ಸೊಸೈಟಿಗೆ ಪತ್ರ, ನೆನಪೋಲೆ, ಕೊನೆಗೆ ಅಜ್ಜನಿಗೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ. ಮುಳುಗಿದ ಮೇಲೆ ಬಂದು ಕೂಗಿದರೆ ಕಚೇರಿ ಏನು ಮಾಡಬೇಕಿತ್ತು ಅಂದುಕೊಂಡೆ. ಊಟಕ್ಕೆ ಮೊದಲು ಮುಗಿಸಿಬಿಟ್ಟೆ.

ಸುಮ್ನೆ ನಿಯಮಕ್ಕೆ ಅಂತ ಅಜ್ಜನನ್ನು ಕರೆಸಿದೆ. ಜೋರು ಮಳೆ. ಕಬ್ಬಿನ ಬಿಲ್ಲಿನ ದುಡ್ಡು ಇಟ್ಟಿದ್ದ ಪಾಸ್‌ಬುಕ್ಕನ್ನು ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿಕೊಂಡು ಬಂದಿದ್ದರು.

"ಐದ ಲಕ್ಷಕ್ಕ ವಿಮಾ ಐತಂತಲ್ರಿ ಸಾಹೇಬ್ರ?" ಎಂದರು.

ಅದು ಬ್ಯಾಂಕ್ ಠೇವಣಿಗೆ ಅಜ್ಜಾರ, 2020ರಲ್ಲಿ ಒಂದು ಲಕ್ಷದಿಂದ ಐದಕ್ಕೆ ಏರಿಸಿದರು, ಪತ್ತಿನ ಸಂಘಕ್ಕೆ ಬರುವುದಿಲ್ಲ ಎಂದೆ. ಅವರು ತಲೆ ಆಡಿಸಿದರು. ಆಮೇಲೆ ನಿಧಾನವಾಗಿ ಕೇಳಿದರು: "ನಂದು ಮೊದಲನೇ ಅರ್ಜಿ ಎಲ್ಲೈತ್ರಿ?"

ಚೀಲದ ತುಂಡಿನೊಳಗಿಂದ ಒಂದು ಜೆರಾಕ್ಸ್ ಹೊರಬಂತು. ಮೇಲೆ ನಮ್ಮ ಟಪಾಲು ವಿಭಾಗದ ದುಂಡು ಸೀಲು, ಆವಕ (ಒಳಬಂದ ಕಾಗದದ) ನಂಬರು, ಫೆಬ್ರುವರಿ ತಾರೀಖು. "ಬಡ್ಡಿ ಜಮಾ ಆಗಿಲ್ಲ, ಮ್ಯಾನೇಜರ್ ಮುಂದಿನ ವಾರ ಅನ್ನುತ್ತಿದ್ದಾರೆ, ದಯಮಾಡಿ ಲೆಕ್ಕ ನೋಡಿರಿ." ಶಟರ್ ಬೀಳುವುದಕ್ಕೆ ಆರು ತಿಂಗಳ ಹಿಂದಿನದು.

ಕಡತ ಹೊಂದಿಸಿ ಕೊಟ್ಟಿದ್ದ ಕೇಸ್ ವರ್ಕರ್ ಕಡೆ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು. ಆವಕ ಪುಸ್ತಕ ತರಿಸಿ ಎಂದೆ. "ಹಿಂಬರಹ ಕೊಟ್ಟೇವಲ್ರಿ ಸರ್, ಮತ್ತೇನ ನೋಡೂದು?" ಅಂದರು. ಪುಸ್ತಕ ಬರಲು ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಅಜ್ಜ ಮಾತಾಡಲಿಲ್ಲ. ನನ್ನ ಪರದೆ ಮೇಲೆ ನಾನೇ ಬರೆದ "ಲೋಪ ಕಂಡುಬಂದಿಲ್ಲ" ಹಾಗೇ ತೆರೆದಿತ್ತು. ಅಜ್ಜನಿಗೆ ಕಾಣದ ಹಾಗೆ ಅದನ್ನು ಸ್ವಲ್ಪ ಆಚೆ ತಿರುಗಿಸಿದೆ. ಇವತ್ತಿಗೂ ನನಗೆ ಜಾಸ್ತಿ ನಾಚಿಕೆ ತರುವುದು ಅದೇ.

ನಂಬರು ತಾಳೆಯಾಯಿತು. ಎದುರಿಗೆ ಅದೇ ಕೇಸ್ ವರ್ಕರ್ ಕಿರುಸಹಿ. ಅರ್ಜಿ ಸ್ಕ್ಯಾನ್ ಆಗಿರಲೇ ಇಲ್ಲ. ಸ್ಕ್ಯಾನ್ ಆಗದ ಕಾಗದ ಇ-ಆಫೀಸ್ ಪಾಲಿಗೆ ಹುಟ್ಟೇ ಇಲ್ಲ, ಅಲ್ವಾ? ಯಾರ ಮೇಲೆ ದೂರೋ ಅವರೇ ಹೊಂದಿಸಿದ ಕಡತ ಓದಿ ನಾನು ತೀರ್ಪು ಬರೆದಿದ್ದೆ. ಮೂವತ್ತು ವರ್ಷ ಆಡಿಟ್ ಮಾಡಿದವನು! ಸಂಘದ ಕಾರ್ಯದರ್ಶಿ ಹೇಳಿದ ಲೆಕ್ಕವನ್ನು ವೋಚರ್ ಇಲ್ಲದೆ ಒಂದು ದಿನವೂ ನಂಬಿದವನಲ್ಲ.

ಇಂಗ್ಲೆಂಡ್‌ನಲ್ಲಿ ಹಣಕಾಸು ನಿಯಂತ್ರಕರ ಮೇಲಿನ ಇಂಥ ದೂರಿಗೆಂದೇ ಬೇರೆ ಕಮಿಷನರ್ ಇದ್ದಾರೆ. ಅಲ್ಲಿ ಲಂಡನ್ ಕ್ಯಾಪಿಟಲ್ ಅಂಡ್ ಫೈನಾನ್ಸ್ ಎಂಬ ಕಂಪನಿ 2019ರ ಜನವರಿಯಲ್ಲಿ ಮುಳುಗಿತು. 11,000ಕ್ಕೂ ಜಾಸ್ತಿ ಜನರ ಹಣ. 2015ರಲ್ಲೇ ಒಬ್ಬ ಹಣಕಾಸು ಸಲಹೆಗಾರರು ನಿಯಂತ್ರಕರಿಗೆ ಪತ್ರ ಬರೆದು ಎಚ್ಚರಿಸಿದ್ದರು. ಅಲ್ಲೂ ಮೊದಲ ಕಾಗದವೇ! ಆ ಕಮಿಷನರ್‌ಗೂ ಶಿಫಾರಸು ಮಾಡುವ ಅಧಿಕಾರ ಮಾತ್ರ, ನನ್ನ ಹಾಗೆಯೇ.

ಈಗ ನಾನು ಮೊದಲು ಆವಕ ಪುಸ್ತಕ ತರಿಸುತ್ತೇನೆ, ದೂರುದಾರರ ಜೊತೆ ಮಾತಾಡುತ್ತೇನೆ, ಕಡತ ಆಮೇಲೆ. ತಿಂಗಳ ವಿಲೇವಾರಿ ಪಟ್ಟಿಯಲ್ಲಿ ನನ್ನ ಸಂಖ್ಯೆ ಇಳಿದಿದೆ ಅಂತ ಮೀಟಿಂಗ್‌ನಲ್ಲಿ ಅನ್ನಿಸಿಕೊಂಡಿದ್ದೂ ಆಯಿತು.

ಹೊಸ ವರದಿಯಲ್ಲಿ "ಲೋಪ" ತೆಗೆದು "ವಿಳಂಬ" ಹಾಕಿ ಎಂದು ಮೇಲಿನವರು ಕೇಳಿದರು. ಅರ್ಧ ದಿನ ಅದೇ ಜಗ್ಗಾಟ. ಲೋಪವೇ ಉಳಿಯಿತು. ಕ್ಷಮೆ ಪತ್ರ ಕೊಡಲು ಶಿಫಾರಸು ಮಾಡಿದೆ. ದುಡ್ಡು ಕೊಡಿಸುವುದು ನನ್ನ ಕೈಯಲ್ಲಿರಲಿಲ್ಲ.

ಪ್ರತಿ ಒಯ್ಯಲು ಬಂದ ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕೂ ಒಂದ್ ಸೀಲ್ ಒತ್ತಿ ಕೊಡ್ರಿ" ಎಂದರು.