ಮನಾಲಿಯಿಂದ ಲೇಹ್‌ಗೆ ಸೈಕಲ್: ಬುತ್ತಿಯ ಲೆಕ್ಕ ತಪ್ಪಿದ್ದು ಎಲ್ಲಿ?

ಮನಾಲಿ–ಲೇಹ್ ದಾರಿಯಲ್ಲಿ ಊಟದ ಚಿಂತೆಯೇ ಬೇಡ, ಇಪ್ಪತ್ತು ಮೂವತ್ತು ಕಿಲೋಮೀಟರಿಗೊಂದು ಡಾಬಾ ಇದೆ ಎಂದು ನಮಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರೆಲ್ಲ ಜುಲೈ, ಆಗಸ್ಟ್‌ನಲ್ಲಿ ಹೋಗಿಬಂದವರು. ನಾನು ಮತ್ತು ನನ್ನ ಗೆಳೆಯ ಹೊರಟದ್ದು 2022ರ ಸೆಪ್ಟೆಂಬರ್ ನಡುವಿನಲ್ಲಿ. ಆ ಹೊತ್ತಿಗೆ ಡಾಬಾದವರು ಒಬ್ಬೊಬ್ಬರಾಗಿ ಡೇರೆ ಕಿತ್ತು ಊರಿನ ದಾರಿ ಹಿಡಿದಿರುತ್ತಾರೆ ಎಂಬ ಮಾತನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈ ಬರಹ ಮುಖ್ಯವಾಗಿ ಆ ಒಂದು ವಿಷಯಕ್ಕಾಗಿ.

ವಿಚಿತ್ರವೆಂದರೆ ನಾವು ಹೊರಡುವಾಗ ನಮ್ಮ ಬಳಿ ತಿನ್ನುವುದಕ್ಕೆ ಕೊರತೆ ಇರಲಿಲ್ಲ. ಇಬ್ಬರದೂ ಸೇರಿ 11 ಕಿಲೋ ಬುತ್ತಿ ಇತ್ತು. ನಾನು ಧಾರವಾಡದವನು. ಮನೆಯಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಂಟಿನ ಉಂಡೆ, ಶೇಂಗಾ ಚಿಕ್ಕಿ ಎಲ್ಲ ಬಂದಿದ್ದವು. ಗೆಳೆಯ ಹಾಸನದ ಕಡೆಯವನು. ಅವನ ತಾಯಿ ಒಂದೂವರೆ ಕಿಲೋ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದರು. ಇದರ ಮೇಲೆ ಬೆಂಗಳೂರಿನಲ್ಲಿ ಕೊಂಡ ಬಿಸ್ಕತ್ತು, ಚಾಕೊಲೇಟು, ಚಿಪ್ಸು, ಎರಡು ಕಿಲೋ ಅಕ್ಕಿ, ಒಂದು ಕಿಲೋ ತೊಗರಿಬೇಳೆ.

ಮೊದಲ ಪೆಟ್ಟು ಬಿದ್ದದ್ದು ದೆಹಲಿಯಿಂದ ಮನಾಲಿಗೆ ಹೋಗುವ ಬಸ್ಸಿನಲ್ಲಿ. ಅದೊಂದು ಖಾಸಗಿ ಬಸ್. ಸೈಕಲ್ ಸಾಗಿಸಲು ಪ್ರತಿ ಸೈಕಲ್ಲಿಗೆ 400 ರೂಪಾಯಿ ಎಂದು ಟಿಕೆಟ್ ಮಾಡುವಾಗ ಒಪ್ಪಿಸಿದ್ದೆವು. ನಡುರಾತ್ರಿ ಊಟಕ್ಕೆ ನಿಲ್ಲಿಸಿದ ಕಡೆ ಕ್ಲೀನರ್ ಬಂದು, ಇನ್ನೂ ಸಾವಿರ ಕೊಡಿ, ಇಲ್ಲದಿದ್ದರೆ ಇಲ್ಲಿಯೇ ಇಳಿಸುತ್ತೇನೆ ಎಂದ. ಆ ಕತ್ತಲಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಕೊಟ್ಟೆವು. ಬೆಳಿಗ್ಗೆ ಮನಾಲಿಯಲ್ಲಿ ಡಿಕ್ಕಿ ತೆರೆದರೆ ನಮ್ಮ ಬುತ್ತಿಯ ಚೀಲದ ಮೇಲೆ ಯಾರದೋ ದೊಡ್ಡ ಸೂಟ್‌ಕೇಸ್ ಕುಳಿತಿತ್ತು. ನಲವತ್ತು ರೊಟ್ಟಿಗಳಲ್ಲಿ ಒಂದೂ ಇಡಿಯಾಗಿ ಉಳಿದಿರಲಿಲ್ಲ. ತುಪ್ಪದ ಡಬ್ಬಿಯ ಮುಚ್ಚಳ ಬಿರಿದು ಚಿಕ್ಕಿಯ ಕಾಗದವೆಲ್ಲ ಜಿಡ್ಡಾಗಿತ್ತು. ಆದ್ದರಿಂದ ಹೇಳುತ್ತೇನೆ: ಸೈಕಲ್ ಏನಾದರೂ ಕೆಳಗೆ ಹೋಗಲಿ, ಬುತ್ತಿಯ ಚೀಲವನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕೂರಿ. ಸೈಕಲ್ ಸಾಗಣೆಯ ದುಡ್ಡನ್ನು ಟಿಕೆಟ್ ಮೇಲೆಯೇ ಬರೆಸಿಕೊಳ್ಳಿ.

ಮನಾಲಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅಷ್ಟು ಗದ್ದಲ ನನಗೆ ಆಗದು, ಅಡುಗೆ ಒಲೆಗೆ ಗ್ಯಾಸಿನ ಪುಟ್ಟ ಡಬ್ಬಿ ಎರಡು ಕೊಂಡು ಮರುದಿನವೇ ಹೊರಟೆವು. ಈ ಡಬ್ಬಿಗಳನ್ನು ಮನಾಲಿಯಲ್ಲಿಯೇ ಕೊಳ್ಳಬೇಕು. ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ರೋಹ್ತಾಂಗ್ ಘಟ್ಟದ ನೆತ್ತಿ 3,978 ಮೀಟರ್. ಐವತ್ತು ಕಿಲೋಮೀಟರ್ ಒಂದೇ ಸಮನೆ ಏರು. ಮಢಿ ತಲುಪುವಷ್ಟರಲ್ಲಿ ಕ್ಯಾರಿಯರ್‌ನ ಪ್ರತಿ ಕಿಲೋ ಮೊಣಕಾಲಿಗೆ ತನ್ನ ಲೆಕ್ಕ ಒಪ್ಪಿಸಿತ್ತು. ರೋಹ್ತಾಂಗ್ ಇಳಿದು, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿ ದಾಟಿ, ಕೀಲಾಂಗ್‌ನ ವಸತಿಗೃಹ ಸೇರಿದ ರಾತ್ರಿ ಚೀಲಗಳನ್ನು ಮಂಚದ ಮೇಲೆ ಸುರಿದು ಕುಳಿತೆವು. ಅಕ್ಕಿ, ಬೇಳೆ, ಬಿಸ್ಕತ್ತು, ಚಿಪ್ಸು ಎಲ್ಲವನ್ನೂ ಅಡುಗೆಯ ಹುಡುಗನಿಗೆ ಕೊಟ್ಟುಬಿಟ್ಟೆವು.

ಅಕ್ಕಿ ಬೇಳೆ ಕೊಟ್ಟದ್ದಕ್ಕೆ ಕಾರಣ ತೂಕ ಮಾತ್ರವಲ್ಲ. ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುದಿಯುವುದು ಕಾಣುತ್ತದೆ, ಆದರೆ ತೆರೆದ ಪಾತ್ರೆಯಲ್ಲಿ ಅನ್ನ ನುಚ್ಚುನುಚ್ಚಾಗಿ ಉಳಿಯುತ್ತದೆ, ಬೇಳೆಯಂತೂ ಬೇಯುವುದೇ ಇಲ್ಲ. ಡಾಬಾಗಳಲ್ಲಿ ರಾಜ್ಮಾ ಬೇಯುವುದು ಕುಕ್ಕರಿನಿಂದಾಗಿ. ಸೈಕಲ್ಲಿನಲ್ಲಿ ಕುಕ್ಕರ್ ಹೊರುವ ಅಗತ್ಯವಿಲ್ಲ. ಹುರಿದ ರವೆ, ತೆಳು ಅವಲಕ್ಕಿ, ಹುರಿಹಿಟ್ಟು ಇಂಥವನ್ನು ಒಯ್ಯಿರಿ. ಇವು ಮೊದಲೇ ಬೆಂಕಿ ಕಂಡ ಪದಾರ್ಥಗಳು, ಬಿಸಿನೀರು ತಗುಲಿದರೆ ಸಾಕು. ಚಿಪ್ಸಿನ ವಿಷಯಕ್ಕೆ ಬಂದರೆ, ಮೇಲೆ ಏರಿದಂತೆ ಪ್ಯಾಕೆಟ್ಟುಗಳು ಚೆಂಡಿನ ಹಾಗೆ ಊದಿಕೊಂಡು ಚೀಲದಲ್ಲಿ ಇದ್ದ ಜಾಗವನ್ನೆಲ್ಲ ನುಂಗುತ್ತವೆ. ಗಾಳಿ ತುಂಬಿದ ಪ್ಯಾಕೆಟ್ ಯಾವುದೂ ಬೇಡ.

ಕೀಲಾಂಗ್‌ನಲ್ಲಿ ಎಟಿಎಂ ಇದೆ. ನಗದು ಅಲ್ಲಿಯೇ ತೆಗೆದುಕೊಳ್ಳಿ. ಮುಂದೆ ಡಾಬಾಗಳಲ್ಲಿ ಮೊಬೈಲ್‌ನಿಂದ ಹಣ ಕಳಿಸುವ ಭರವಸೆ ಇಟ್ಟುಕೊಳ್ಳಬೇಡಿ. ಜಿಸ್ಪಾದಲ್ಲಿ ಎರಡು ರಾತ್ರಿ ನಿಂತೆವು, ಉಸಿರು ಎತ್ತರಕ್ಕೆ ಹೊಂದಲಿ ಎಂದು. ಇದನ್ನು ತಪ್ಪಿಸಬೇಡಿ. ಭಾಗಾ ನದಿಯ ದಂಡೆಯ ಆ ಊರು ನನಗೆ ಇಡೀ ದಾರಿಯಲ್ಲಿ ಅತ್ಯಂತ ಹಿಡಿಸಿದ ಜಾಗ.

ಬಾರಾಲಾಚಾ ಘಟ್ಟ ದಾಟಿ ಸರ್ಚು ತಲುಪಿದ ರಾತ್ರಿಯ ಬಗ್ಗೆ ಇನ್ನೂ ಕೋಪ ಆರಿಲ್ಲ. ಕತ್ತಲಾಗಿತ್ತು, ಗಾಳಿ ಎದುರಿಗೆ ಬೀಸುತ್ತಿತ್ತು. ಸಾಲಾಗಿ ಡೇರೆ ಹಾಕಿದ ಒಂದು ಪ್ರವಾಸಿ ಶಿಬಿರದಲ್ಲಿ ಊಟ ಸೇರಿ ತಲೆಗೆ 1,800 ರೂಪಾಯಿ ಕೇಳಿದರು. ಬೇರೆ ದಾರಿ ಕಾಣದೆ ಒಪ್ಪಿದೆವು. ನಮಗಿಂತ ಮುಂಚೆ ಮೋಟರ್ ಸೈಕಲ್ಲಿನ ದೊಡ್ಡ ತಂಡವೊಂದು ಬಂದು ಊಟ ಮುಗಿಸಿತ್ತು. ನಮ್ಮ ಪಾಲಿಗೆ ಪಾತ್ರೆಯ ತಳದ ತಣ್ಣನೆಯ ಅನ್ನ, ನೀರಿನಂಥ ದಾಲ್. ಇನ್ನೊಮ್ಮೆ ಬಿಸಿ ಮಾಡಿಕೊಡಿ ಎಂದರೆ ಅಡುಗೆಯವರು ಮಲಗಿದರು ಎಂದರು. ಆ ದಾಲ್ ನಮ್ಮ ಒಲೆಯ ಮೇಲೆ ಕಾಯಿಸಿ, ಅದರಲ್ಲಿ ರೊಟ್ಟಿಯ ಪುಡಿ ಹಾಕಿ, ಗುರೆಳ್ಳು ಪುಡಿ ಉದುರಿಸಿ ತಿಂದೆವು. ರೊಟ್ಟಿ ಪುಡಿಯಾದದ್ದು ಒಳ್ಳೆಯದೇ ಆಯಿತು ಎಂದು ಅಂದು ಗೊತ್ತಾಯಿತು. ಇಡಿಯ ರೊಟ್ಟಿಗೆ ಜಾಗ ಹೆಚ್ಚು ಬೇಕು, ಪುಡಿ ಅರ್ಧ ಚೀಲಕ್ಕೆ ಇಳಿಯುತ್ತದೆ, ಬಿಸಿ ದಾಲ್‌ನಲ್ಲಿ ಎರಡೇ ನಿಮಿಷಕ್ಕೆ ಮೆತ್ತಗಾಗುತ್ತದೆ. ಮರುದಿನ ನೋಡಿದರೆ ಆ ಶಿಬಿರದಿಂದ ಸ್ವಲ್ಪ ಮುಂದೆಯೇ ರಸ್ತೆ ಬದಿಯ ಡಾಬಾ ಡೇರೆಗಳಿದ್ದವು. ಒಳಗೆ ಹಾಸಿಗೆ, ಎರಡೆರಡು ರಜಾಯಿ, ರಾತ್ರಿಗೆ 300 ರೂಪಾಯಿ. ಸರ್ಚುವಿನಲ್ಲಿ ಶಿಬಿರದ ದೀಪ ಕಂಡು ನಿಲ್ಲಬೇಡಿ, ಡಾಬಾ ಹುಡುಕಿ.

ಆ ಬೆಳಿಗ್ಗೆ ಚಟ್ನಿಯ ಡಬ್ಬಿಯಲ್ಲಿ ಶೇಂಗಾ ಎಣ್ಣೆ ಬೆಣ್ಣೆಯಂತೆ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಚಿಕ್ಕಿಗೆ ಹಲ್ಲು ನಾಟಲಿಲ್ಲ. ಚಿಕ್ಕಿ ಒಯ್ಯುವವರು ಮನೆಯಲ್ಲಿಯೇ ಕಡಲೆಕಾಳಿನಷ್ಟು ಚೂರು ಮಾಡಿಕೊಂಡು ಬಾಯಲ್ಲಿಟ್ಟು ಚೀಪುವ ಹಾಗೆ ತನ್ನಿ. ನೀರಿನ ಬಾಟಲಿಯನ್ನು ರಾತ್ರಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲ್ಭಾಗದಿಂದ ಕಟ್ಟುತ್ತದೆ, ಬಾಯಿಯ ಕಡೆ ನೀರು ಉಳಿಯುತ್ತದೆ.

ಸರ್ಚುವಿನಿಂದ ಪಾಂಗ್‌ಗೆ ಎಪ್ಪತ್ತೈದು ಕಿಲೋಮೀಟರಿನ ಮೇಲೆ. ನಡುವೆ ಗಾಟಾ ಲೂಪ್ಸ್‌ನ 21 ತಿರುವುಗಳು, ನಕೀ ಲಾ (ಲಾ ಅಂದರೆ ಘಟ್ಟ), ಆಮೇಲೆ ಐದು ಸಾವಿರ ಮೀಟರ್ ಮೀರಿದ ಲಾಚುಂಗ್ ಲಾ. ಭಾರ ಹೊತ್ತ ಸೈಕಲ್ಲಿನಲ್ಲಿ ಇದನ್ನು ಒಂದೇ ದಿನಕ್ಕೆ ಮುಗಿಸುವವರು ಕಡಿಮೆ. ಎರಡು ಘಟ್ಟಗಳ ನಡುವಿನ ವ್ಹಿಸ್ಕಿ ನಾಲಾದಲ್ಲಿ ಡಾಬಾಗಳಿವೆ, ಅಲ್ಲಿ ಉಂಡು ಮಲಗುವುದು ಎಂದು ನಮ್ಮ ಲೆಕ್ಕ. ಗಾಟಾ ಲೂಪ್ಸ್‌ನ ಒಂದು ತಿರುವಿನಲ್ಲಿ ಪುಟ್ಟ ಗುಡಿಯೊಂದಿದೆ. ಕೆಟ್ಟುನಿಂತ ಲಾರಿಯ ಬಳಿ ಕಾವಲಿದ್ದು ಹಸಿವು ಬಾಯಾರಿಕೆಯಿಂದ ಸತ್ತ ಕ್ಲೀನರನ ನೆನಪಿಗೆ ದಾರಿಹೋಕರು ಅಲ್ಲಿ ನೀರಿನ ಬಾಟಲಿ ಇಟ್ಟು ಹೋಗುತ್ತಾರೆ. ನೂರಾರು ಬಾಟಲಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಕತೆ ನಿಜವೋ ಅಲ್ಲವೋ, ಆ ದಾರಿಯಲ್ಲಿ ನೀರಿಗೆ ಏನು ಬೆಲೆ ಎಂಬುದು ಆ ರಾಶಿಯನ್ನು ಕಂಡವರಿಗೆ ಅರ್ಥವಾಗುತ್ತದೆ. ನಾವೂ ಒಂದು ಬಾಟಲಿ ಇಟ್ಟೆವು.

ನಕೀ ಲಾ ಇಳಿದು ವ್ಹಿಸ್ಕಿ ನಾಲಾ ಸೇರಿದಾಗ ನಾಲ್ಕೂವರೆ ಗಂಟೆ. ಅಲ್ಲಿ ಡೇರೆಗಳಿರಲಿಲ್ಲ. ಡೇರೆಯ ಅಂಚಿಗೆ ಭಾರವಾಗಿ ಇಟ್ಟ ಕಲ್ಲುಗಳು ದುಂಡಗೆ ಬಿದ್ದಿದ್ದವು, ಒಂದು ವೃತ್ತದ ನಡುವೆ ಮಸಿ ಹಿಡಿದ ಒಲೆಗುಂಡಿ, ಅದರ ಪಕ್ಕ ಒಡೆದ ಗಾಜಿನ ಲೋಟ. ಜನ ಹೋಗಿ ಎರಡು ಮೂರು ದಿನವಾಗಿರಬಹುದು. ಗೆಳೆಯ ಏನೂ ಮಾತನಾಡದೆ ಒಂದು ಕಲ್ಲಿನ ಮೇಲೆ ಕುಳಿತ. ಕೀಲಾಂಗ್‌ನಲ್ಲಿ ಬುತ್ತಿ ಕಡಿಮೆ ಮಾಡುವಾಗ ಹುರಿಹಿಟ್ಟನ್ನೂ ಅರ್ಧ ಬಿಡೋಣ ಎಂದವನು ನಾನು, ಅಮ್ಮ ಕೊಟ್ಟದ್ದು, ಬಿಡುವುದಿಲ್ಲ ಎಂದವನು ಅವನು. ಆ ಹುರಿಹಿಟ್ಟೇ ನಮ್ಮನ್ನು ಉಳಿಸಿತು.

ಅಷ್ಟು ಎತ್ತರದಲ್ಲಿ ಹಸಿವೆಯೇ ಆಗುವುದಿಲ್ಲ. ಹೊಟ್ಟೆ ಖಾಲಿ ಎಂದು ಕಾಲು ಹೇಳುತ್ತದೆ, ಬಾಯಿ ಒಪ್ಪುವುದಿಲ್ಲ. ಚಾಕೊಲೇಟ್ ಕಂಡರೆ ಓಕರಿಕೆ ಬರುತ್ತಿತ್ತು, ಅಂಟಿನ ಉಂಡೆಯೂ ಗಂಟಲಲ್ಲಿ ಇಳಿಯಲಿಲ್ಲ. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಚಮಚ ಹುರಿಹಿಟ್ಟು, ಚಿಟಿಕೆ ಉಪ್ಪು ಹಾಕಿ ಕದಡಿದರೆ ಅಗಿಯುವ ಕೆಲಸವಿಲ್ಲ, ಸುಮ್ಮನೆ ಕುಡಿಯಬಹುದು. ತಲಾ ಎರಡು ಲೋಟ ಕುಡಿದು, ಸಂಗಡ ಒಂದು ಹಿಡಿ ಒಗ್ಗರಣೆ ಅವಲಕ್ಕಿ ತಿಂದು, ನಮ್ಮ ಸಣ್ಣ ಡೇರೆಯಲ್ಲಿ ಮೈಮೇಲೆ ಇದ್ದಬದ್ದ ಬಟ್ಟೆಯನ್ನೆಲ್ಲ ಹೊದ್ದು ಮಲಗಿದೆವು. ಡೇರೆ ಬೇಡ, ಭಾರ ಎಂದು ಬಿಟ್ಟುಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ಇಷ್ಟವಿಲ್ಲ.

ಇದನ್ನು ತಪ್ಪಿಸುವ ದಾರಿ ಬಹಳ ಸುಲಭ. ಪ್ರತಿ ರಾತ್ರಿ ಉಳಿದ ಡಾಬಾದ ಯಜಮಾನರನ್ನು ಕೇಳಿ: ಮುಂದೆ ಯಾರ ಡೇರೆ ಉಳಿದಿದೆ? ಅವರಿಗೆ ಒಬ್ಬರಿಗೊಬ್ಬರದು ಗೊತ್ತಿರುತ್ತದೆ. ಬೆಳಿಗ್ಗೆ ಎದುರಿನಿಂದ ಬರುವ ಲಾರಿ ಚಾಲಕರನ್ನೂ ಕೇಳಿ. ಸರ್ಚುವಿನ ಶಿಬಿರದವರಿಗೆ ಇದು ಗೊತ್ತಿರಲಿಲ್ಲ, ಅಥವಾ ಹೇಳುವ ಮನಸ್ಸಿರಲಿಲ್ಲ. ಡಾಬಾದಲ್ಲಿ ಮಲಗಿದ್ದರೆ ನಮಗೆ ಈ ಸುದ್ದಿ ಪುಕ್ಕಟೆ ಸಿಗುತ್ತಿತ್ತು. ಸೆಪ್ಟೆಂಬರ್ ಹತ್ತರ ನಂತರ ಹೊರಡುವವರು ಒಂದೂವರೆ ದಿನದ ಊಟ ಸದಾ ಚೀಲದಲ್ಲಿ ಇರುವಂತೆ ನೋಡಿಕೊಳ್ಳಿ, ಡಾಬಾ ಸಿಕ್ಕಾಗ ಅದನ್ನು ಮುಟ್ಟಬೇಡಿ.

ಮರುದಿನ ಲಾಚುಂಗ್ ಲಾ ಹತ್ತಿ ಪಾಂಗ್‌ಗೆ ಇಳಿದೆವು. ಅಲ್ಲಿ ಸಾಲಿನ ಕೊನೆಯ ಡೇರೆ ಒಬ್ಬ ಲಡಾಖಿ ಅಮ್ಮನದು. ಒಳಗೆ ನಡುವೆ ಒಲೆ, ಸುತ್ತ ಗೋಡೆಗುಂಟ ಕಂಬಳಿ ಹಾಸಿದ ಕಟ್ಟೆ. ಜುಲೇ, ಅಂದರೆ ನಮಸ್ಕಾರ, ಎಂದು ಕರೆದು ಕೂರಿಸಿ, ನಾವು ಏನು ಬೇಕೆಂದು ಹೇಳುವ ಮೊದಲೇ ಬಿಸಿನೀರಿನ ಲೋಟ ಕೈಗಿಟ್ಟರು. ಆಮೇಲೆ ರಾಜ್ಮಾ ಅನ್ನ. ಕಾಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೆಂದಿತ್ತು, ಶುಂಠಿ ಮುಂದಾಗಿತ್ತು, ಎಣ್ಣೆ ಹಿತಮಿತ. ಮೂರು ಸಲ ಬಡಿಸಿದರು, ದುಡ್ಡು ಒಂದೇ ಊಟದ್ದು, 150 ರೂಪಾಯಿ. ನಮ್ಮ ಅಮಲೇ, ಅಂದರೆ ಅಮ್ಮ ಎಂದು ಗೌರವದಿಂದ ಕರೆಯುವ ಮಾತು, ಒಲೆಯ ಪಕ್ಕ ಇಟ್ಟ ನಮ್ಮ ಹುರಿಹಿಟ್ಟಿನ ಚೀಲವನ್ನು ಮೂಸಿ ನೋಡಿದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಕ್ಕರು. ಒಳಗಿನಿಂದ ತಮ್ಮ ಡಬ್ಬಿ ತಂದು ತೆರೆದರು. ಹುರಿದ ಬಾರ್ಲಿಯ ಹಿಟ್ಟು, ತ್ಸಾಂಪಾ. ಅದೇ ಕಮ್ಮನೆಯ ವಾಸನೆ. ಉಪ್ಪು ಬೆಣ್ಣೆ ಹಾಕಿದ ಗುರ್‌ಗುರ್ ಚಹಾದಲ್ಲಿ ಅದನ್ನು ಬೆರಳಿನಿಂದ ಕಲಸಿ ಉಂಡೆ ಕಟ್ಟಿ ಕೊಟ್ಟರು, ನಾವು ನಮ್ಮದನ್ನು ಅದೇ ಚಹಾದಲ್ಲಿ ಕಲಸಿ ಅವರಿಗೆ ಕೊಟ್ಟೆವು. ಹಾಸನದ ಅಮ್ಮನೂ ಪಾಂಗ್‌ನ ಅಮ್ಮನೂ ದೂರದ ದಾರಿಗೆ ಕಟ್ಟುವ ಬುತ್ತಿ ಒಂದೇ ಎಂದು ಗೆಳೆಯ ಮನೆ ಸೇರುವ ತನಕ ಹೇಳುತ್ತಿದ್ದ. ನೀವು ಊರಿನಿಂದ ಹುರಿಹಿಟ್ಟು ತರಲಾಗದಿದ್ದರೆ ತ್ಸಾಂಪಾ ಕೇಳಿ ಪಡೆಯಿರಿ. ಬೆಣ್ಣೆ ಚಹಾದ ಉಪ್ಪು ರುಚಿ ಮೊದಲ ಗುಟುಕಿಗೆ ಹಿಡಿಸದಿರಬಹುದು, ಎರಡನೆಯ ಲೋಟಕ್ಕೆ ಹಿಡಿಸುತ್ತದೆ.

ಮೂರೆ ಬಯಲಿಗೆ ಆ ಅಮ್ಮನಿಂದಲೇ ನಾಲ್ಕು ನಾಲ್ಕು ಲೀಟರ್ ನೀರು ತುಂಬಿಸಿಕೊಂಡೆವು. ನಲವತ್ತು ಕಿಲೋಮೀಟರಿನ ಆ ಬಯಲಿನಲ್ಲಿ ದಾರಿ ಬದಿಗೆ ನೀರಿಲ್ಲ, ಮಧ್ಯಾಹ್ನದ ಮೇಲೆ ಗಾಳಿ ಎದ್ದು ತುಟಿ ಸೀಳುತ್ತದೆ. ಬೆಳಿಗ್ಗೆ ಆರಕ್ಕೇ ಹೊರಡಿ. 5,328 ಮೀಟರಿನ ತಾಂಗ್ಲಾಂಗ್ ಲಾ ದಾಟಿ ರುಮ್‌ತ್ಸೆ ಸೇರಿದರೆ ಊರು, ಹೊಲ, ಮನೆಯೂಟ ಮತ್ತೆ ಶುರು. ಅಲ್ಲಿಂದ ಲೇಹ್‌ವರೆಗೆ ಬುತ್ತಿ ಬೇಕಿಲ್ಲ.

ಇನ್ನೊಮ್ಮೆ ಹೋದರೆ ತಲೆಗೆ ಮೂರೇ ಕಿಲೋ ಒಯ್ಯುತ್ತೇನೆ: ಹುರಿಹಿಟ್ಟು 800 ಗ್ರಾಂ, ಒಗ್ಗರಣೆ ಹಾಕಿದ ತೆಳು ಅವಲಕ್ಕಿ 500, ಬೆಲ್ಲ 500, ಹುರಿದ ಶೇಂಗಾ 400, ಉಪ್ಪಿಟ್ಟಿಗೆ ಹುರಿದು ಒಗ್ಗರಣೆ ಸೇರಿಸಿದ ರವೆ 400, ಚಟ್ನಿಪುಡಿ 200, ತುಪ್ಪ 200. ಚಟ್ನಿಪುಡಿಯಲ್ಲಿ ಹುಣಸೆಹುಳಿ ಸ್ವಲ್ಪ ಮುಂದಿರಲಿ. ಸಿಹಿ ಬೇಡವಾದ ಬಾಯಿಗೆ ಹುಳಿ ಖಾರ ಬೇಕೆನಿಸುತ್ತದೆ.

ಹುರಿಹಿಟ್ಟು ಮಾಡುವ ಬಗೆಯನ್ನು ಗೆಳೆಯನ ತಾಯಿಯನ್ನೇ ಕೇಳಿ ಬರೆದುಕೊಂಡಿದ್ದೇನೆ. ರಾಗಿಯನ್ನು ತೊಳೆದು, ನೀರು ಬಸಿದು, ಒದ್ದೆಬಟ್ಟೆಯಲ್ಲಿ ರಾತ್ರಿಯೆಲ್ಲ ಕಟ್ಟಿಡಬೇಕು. ಮರುದಿನ ನೆರಳಿನಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಬಿಳಿ ಅರಳು ಸಿಡಿಯುವ ತನಕ ಹುರಿದು, ಪೂರ್ತಿ ಆರಿದ ಮೇಲೆ ಬೀಸಿಸಬೇಕು. ಒಂದೆರಡು ಏಲಕ್ಕಿ ಸೇರಿಸಬಹುದು. ಬೆಲ್ಲವನ್ನು ಮಾತ್ರ ಮೊದಲೇ ಬೆರೆಸಬೇಡಿ, ಪಸೆ ಎಳೆದುಕೊಂಡು ಗಂಟಾಗುತ್ತದೆ. ಬೇರೆ ಚೀಲದಲ್ಲಿ ಒಯ್ದು, ಆ ದಿನದ ಬಾಯಿಗೆ ಸಿಹಿ ಬೇಕೋ ಉಪ್ಪು ಬೇಕೋ ನೋಡಿ ಹಾಕಿಕೊಳ್ಳಿ.