ಕಡಮತ್ತಿನ ಹಗ್ಗ, ಬೋಂಡಿ ಮತ್ತು ತಾರದ ಶಂಖ

ಲಕ್ಷದ್ವೀಪಕ್ಕೆ ಹೊರಟಿದ್ದೇನೆಂಬ ಸುದ್ದಿ ದಾವಣಗೆರೆಯ ನಮ್ಮ ಬೀದಿಯಲ್ಲಿ ಹರಡಿದ್ದೇ ತಡ, ಬೇಡಿಕೆಗಳು ಬರತೊಡಗಿದವು. ಪಕ್ಕದ ಮನೆಯ ಅಜ್ಜಿಗೆ ಪೂಜೆಗೊಂದು ಶಂಖ ಬೇಕು. ತಂಗಿಯ ಮಗಳಿಗೆ ಶಾಲೆಯಲ್ಲಿ ತೋರಿಸಲು ಹವಳದ ತುಂಡು ಬೇಕು. ಮಂಡಿಪೇಟೆಯಲ್ಲಿ ಹಗ್ಗ ಮತ್ತು ಗೋಣಿಚೀಲದ ವ್ಯಾಪಾರ ಮಾಡುವ ಗೆಳೆಯ ಮಾತ್ರ, ಅಲ್ಲಿಯದೇ ಆದ ಏನನ್ನಾದರೂ ತಂದರೆ ಸಾಕೆಂದ. ಎಲ್ಲಕ್ಕಿಂತ ಸುಲಭವೆಂದು ನಾನು ಭಾವಿಸಿದ್ದ ಈ ಕೊನೆಯ ಬೇಡಿಕೆಯೇ ಅಲ್ಲಿ ನನ್ನನ್ನು ಹೆಚ್ಚು ಅಲೆಸಿತು.

ಪ್ರವೇಶ ಪರವಾನಗಿ ಪಡೆದು, ಬೆಂಗಳೂರಿನ ಮೂಲಕ ಎರ್ನಾಕುಲಂ ತಲುಪಿ, ಕೊಚ್ಚಿಯಲ್ಲಿ ಹಡಗು ಹತ್ತಿದೆವು. ನಾವು ಹೊರಟಿದ್ದ ಕಡಮತ್ ದ್ವೀಪ ಕೊಚ್ಚಿಯಿಂದ 400 ಕಿಲೋಮೀಟರಿಗೂ ದೂರದಲ್ಲಿದೆ. ಉದ್ದ ಒಂಬತ್ತು ಕಿಲೋಮೀಟರಿನಷ್ಟು, ಅಗಲ ಅತಿ ಹೆಚ್ಚಿರುವ ಕಡೆಯಲ್ಲೂ ಅರ್ಧ ಕಿಲೋಮೀಟರಿನ ಆಸುಪಾಸು. ಹಡಗು ಹವಳದಿಬ್ಬದ ಹೊರಗೇ ನಿಂತು, ನಾವು ಸಣ್ಣ ದೋಣಿಗಿಳಿದಾಗ, ನಮ್ಮ ಜೊತೆಗೇ ಅಕ್ಕಿ ಮೂಟೆಗಳೂ ಮೊಟ್ಟೆಯ ಟ್ರೇಗಳೂ ಈರುಳ್ಳಿ ಚೀಲಗಳೂ ಇಳಿದವು. ನಮ್ಮ ಚಳ್ಳಕೆರೆ ಕಡೆಯ ಈರುಳ್ಳಿಯೇ ಇದ್ದೀತೇನೋ ಎಂದು ಚೀಲದ ಮೇಲಿನ ಗುರುತನ್ನು ಓದಲು ಯತ್ನಿಸಿದೆ. ದೋಣಿಯ ಓಲಾಟದಲ್ಲಿ ಅದು ಸಾಧ್ಯವಾಗಲಿಲ್ಲ.

ಪೇಟೆಯೆಂದರೆ ತೆಂಗಿನ ಮರಗಳ ನಡುವಿನ ಕಾಂಕ್ರೀಟು ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಅಂಗಡಿ. ಒಳಗೆ ಹೋದರೆ ಸೋಪು, ಬಿಸ್ಕತ್ತು, ಕೊಡೆ, ಮೀನಿನ ಗಾಳ, ನೈಲಾನ್ ದಾರ. ದ್ವೀಪದ ಹೆಸರು ಅಚ್ಚಾಗಿದ್ದ ಒಂದು ಟೀ ಶರ್ಟು ಕಂಡಿತಾದರೂ ಅದರ ಕೊರಳಪಟ್ಟಿಯ ಚೀಟಿ ತಿರುಪ್ಪೂರಿನದು. ಮಳೆಗಾಲದಲ್ಲಿ ಕಡಲು ಕೆರಳಿದಾಗ ಹಡಗಿನ ಓಡಾಟ ತೀರಾ ಕಡಿಮೆಯಾಗುವುದರಿಂದ, ಮೇ ತಿಂಗಳ ಮೊದಲೇ ದಾಸ್ತಾನು ತುಂಬಿಕೊಳ್ಳುವ ಅಂಗಡಿಕಾರನಿಗೆ ಪ್ರವಾಸಿಗರ ನೆನಪಿನ ಕಾಣಿಕೆಗಿಂತ ಅಕ್ಕಿಯೇ ಮುಖ್ಯ. ಅದು ನ್ಯಾಯವೇ.

ಒಂದು ಅಂಗಡಿಯಲ್ಲಿ ಶಂಖವನ್ನು ಕೇಳಿದೆ. ಹಿರಿಯರಾದ ಅಂಗಡಿಯವರು ತಲೆಯಾಡಿಸಿ, ದಡದಲ್ಲಿ ಬಿದ್ದ ಹವಳದ ಚೂರನ್ನೂ ಚೀಲಕ್ಕೆ ಹಾಕಬೇಡಿ, ಹಡಗು ಹತ್ತುವಾಗ ತಪಾಸಣೆಯಿರುತ್ತದೆ ಎಂದು ಅರ್ಧ ಮಲಯಾಳ, ಅರ್ಧ ಹಿಂದಿಯಲ್ಲಿ ಎಚ್ಚರಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಗಳಿಗೂ ಹಲವು ಬಗೆಯ ಚಿಪ್ಪುಗಳಿಗೂ ರಕ್ಷಣೆಯಿದೆ. ಈ ದ್ವೀಪ ನಿಂತಿರುವುದೇ ಹವಳದ ಮೇಲೆ. ಕಾಲಡಿಯ ಬಿಳಿ ಮರಳು ಅದರದೇ ಪುಡಿ. ತೆರೆಯ ಹೊಡೆತವನ್ನು ಹೊರಗೇ ತಡೆಯುವುದೂ ಅದರದೇ ದಿಬ್ಬ. ಅಜ್ಜಿಯ ಶಂಖವೂ ಹುಡುಗಿಯ ಹವಳವೂ ಅಲ್ಲಿಗೇ ಮುಗಿದವು.

ಆ ಅಂಗಡಿಯವರಿಗೆ ನಮ್ಮೂರಿನ ಖಾರ ಮಂಡಕ್ಕಿಯ ಪೊಟ್ಟಣವೊಂದನ್ನು ಕೊಟ್ಟೆ. ದಾವಣಗೆರೆಯ ಒಣ ಹವೆಯಲ್ಲಿ ಗರಿಗರಿಯಾಗಿದ್ದ ಮಂಡಕ್ಕಿ ಆ ಉಪ್ಪುಗಾಳಿಗೆ ನೋಡನೋಡುತ್ತಲೇ ಮೆತ್ತಗಾಯಿತು; ಆದರೂ ಅವರು ಮುಗಿಸಿದರು. ನಾನು ಕರ್ನಾಟಕದವನೆಂದು ತಿಳಿದ ಕೂಡಲೇ ಮಂಗಳೂರಿನ ಮಾತು ತೆಗೆದರು. ಅವರ ಅಜ್ಜನ ಕಾಲದಲ್ಲಿ ಹಾಯಿಯ ಓಡಗಳು ನಾರಿನ ಹುರಿಯನ್ನೂ ಕೊಬ್ಬರಿಯನ್ನೂ ಮಂಗಳೂರಿಗೆ ಒಯ್ದು ಅಕ್ಕಿ ತರುತ್ತಿದ್ದವಂತೆ. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರಗಳನ್ನೊಳಗೊಂಡ ಅಮಿನಿದೀವಿ ದ್ವೀಪಗಳು 1780ರ ದಶಕದಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದು, 1799ರ ನಂತರ ಬ್ರಿಟಿಷರ ಕೈಸೇರಿ, ಬಹುಕಾಲ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. 1956ರ ನವೆಂಬರ್ 1ರಂದು ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಈ ದ್ವೀಪಗಳು ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾದವು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಫಲಕವನ್ನು ಅಷ್ಟು ದೂರದಲ್ಲಿ ಕಂಡಾಗ ನನಗಾದ ಸಂತೋಷ, ಈ ಕಥೆ ಕೇಳಿದ ಮೇಲೆ ಇನ್ನಷ್ಟು ಹೆಚ್ಚಿತು.

ಹುರಿಯ ಮಾತು ಬಂದದ್ದರಿಂದಲೇ ಅವರು ನನ್ನನ್ನು ಹಿಂದಿನ ಮನೆಯೊಂದಕ್ಕೆ ಕರೆದೊಯ್ದರು. ಕಾಯಿಸಿಪ್ಪೆಯನ್ನು ಕಡಲ ದಡದ ಗುಂಡಿಗಳಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಮರದ ಕೊಡತಿಯಿಂದ ಬಡಿದು ತೆಗೆದ ನಾರಿನ ರಾಶಿಯ ಮುಂದೆ ಹಿರಿಯ ಹೆಂಗಸೊಬ್ಬರು ಕುಳಿತಿದ್ದರು. ಒಂದು ಚಿಟಿಕೆ ನಾರನ್ನು ಎರಡು ಪಾಲು ಮಾಡಿ, ಅಂಗೈಗಳ ನಡುವೆ ಒಮ್ಮೆ ಮುಂದಕ್ಕೆ ಉಜ್ಜಿದರೆ ಎರಡು ಎಳೆ, ಹಿಂದಕ್ಕೆ ಸರಿಸಿದರೆ ಅವೆರಡೂ ಹೆಣೆದುಕೊಂಡು ಒಂದು ಹುರಿ. ತುದಿ ಮುಗಿಯುವ ಮೊದಲೇ ಮತ್ತೊಂದು ಚಿಟಿಕೆ ಅದರೊಳಗೆ ಸೇರಿಕೊಳ್ಳುತ್ತಿತ್ತು. ಬಾಯಲ್ಲಿ ನನ್ನ ಊರು, ಮಕ್ಕಳ ವಿಚಾರಣೆ ನಡೆದೇ ಇತ್ತು; ಕೈಯನ್ನು ಅವರು ಒಮ್ಮೆಯೂ ನೋಡಿಕೊಳ್ಳಲಿಲ್ಲ. ಮಾರಲೆಂದು ಮಾಡಿದ್ದಲ್ಲವೆಂದು ಮೊದಲು ಹಿಂಜರಿದರೂ ಕೊನೆಗೆ ಒಂದು ಸಿಂಬಿ ಹಗ್ಗ ಕೊಟ್ಟರು. ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಅದೇ ಮನೆಯಲ್ಲಿ ಬೋಂಡಿಯೂ ಸಿಕ್ಕಿತು. ಹೆಸರು ಕೇಳಿ ಕರಿದ ತಿಂಡಿಯೆಂದು ಯಾರೂ ತಿಳಿಯಬಾರದು: ತೆಂಗಿನ ತುರಿಯನ್ನು ಬೆಲ್ಲದ ಪಾಕದಲ್ಲಿ ಬೇಯಿಸಿ, ಒಣ ಬಾಳೆಯೆಲೆಯಲ್ಲಿ ಸುತ್ತಿ ಕಟ್ಟಿದ ಸಿಹಿಯಿದು. ನೀರಾದಿಂದ ಮಾಡಿದ ಸುರ್ಕವೆಂಬ ಹುಳಿನೀರನ್ನು, ಬಾಟಲಿ ಒಡೆದೀತೆಂಬ ಭಯದಿಂದ ಬಿಟ್ಟೆ. ಮಾಸ್‌ಮೀನನ್ನು ಮಾತ್ರ ಬಿಡಲಾಗಲಿಲ್ಲ, ಅದೇ ದ್ವೀಪದ ಹೆಮ್ಮೆ. ಟ್ಯೂನಾವನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿದ ಅದು ಜಾಲಿಮರದ ತುಂಡಿನಷ್ಟು ಗಟ್ಟಿ. ಸಸ್ಯಾಹಾರಿಯಾದ ನಾನು ಸಹೋದ್ಯೋಗಿಯೊಬ್ಬರಿಗಾಗಿ ಅದನ್ನು ಮೂರು ಕವರುಗಳಲ್ಲಿ ಸುತ್ತಿಸಿಕೊಂಡೆ. ರೈಲಿನಲ್ಲಿ ಮೂರೂ ಸೋತವು. ದಾವಣಗೆರೆಯಲ್ಲಿ ಇಳಿದವನು ಮೊದಲು ಹೋದದ್ದು ಅವರ ಮನೆಗೆ, ಆಮೇಲೆ ನಮ್ಮ ಮನೆಗೆ.

ಅಜ್ಜಿಗೆ ಶಂಖದ ಬದಲು ಬೋಂಡಿ ಕೊಟ್ಟು, ಕಾಯ್ದೆಯ ವಿಷಯವನ್ನು ವಿವರಿಸಿದೆ. ಅವರು ಎಲೆ ಬಿಚ್ಚಿ, ಕಂದುಬಣ್ಣದ ಅಂಟಿನ ಮುದ್ದೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, "ಕಾಯಿ ಹೂರಣ ಇದು, ಹೋಳಿಗೆ ಎಲ್ಲಪ್ಪ?" ಎಂದರು.

ಮಂಡಿಪೇಟೆಯ ಗೆಳೆಯ ಹಗ್ಗದ ತುದಿಯನ್ನು ಬಿಚ್ಚಿ, ಎಳೆಗಳನ್ನು ಉಗುರಿನಿಂದ ಬಿಡಿಸಿ, ಎರಡೂ ಕೈಯಿಂದ ಜಗ್ಗಿ ನೋಡಿದ. "ಮಷೀನ್ನಾಗೆ ಮಾಡಿದ್ದಲ್ಲೇನು ಇದು?" ಎಂದು ಎರಡು ಸಲ ಕೇಳಿದ. ಕೈಯಲ್ಲಿ ಹೊಸೆದದ್ದೆಂದು ಖಾತ್ರಿಯಾದ ಮೇಲೆ ಕೊಟ್ಟ ದುಡ್ಡೆಷ್ಟೆಂದು ಕೇಳಿ, ಕಡಿಮೆ ಕೊಟ್ಟೆಯೆಂದು ಬೈದು, ಸಿಂಬಿಯನ್ನು ಗಲ್ಲಾಪೆಟ್ಟಿಗೆಯ ಮೇಲಿನ ಮೊಳೆಗೆ ತೂಗುಹಾಕಿದ.